ನಾನು ಸೇನಾಪತಿಯಾಗಿದ್ದ ಸ್ವಲ್ಪ ಹೊತ್ತು

ದೀಪಾವಳಿಯಲ್ಲಿ ಮೊಮ್ಮಕ್ಕಳು ಪಟಾಕಿಗೆ ಬತ್ತಿ ಮುಟ್ಟಿಸಿ ಓಡಿ ಬರುತ್ತಾರೆ. ಸದ್ದಾದರೆ ನನಗೇನೂ ಆಗುವುದಿಲ್ಲ. ಬತ್ತಿ ಪೂರ್ತಿ ಉರಿದು, ಸದ್ದಾಗದೆ, ಸಣ್ಣಗೆ ಹೊಗೆ ಬಿಡುತ್ತ ಸುಮ್ಮನೆ ಕುಳಿತಿರುತ್ತದಲ್ಲ, ಆಗ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಒಂದು ಸಂಸ್ಥಾನದ ಸೇನಾಪತಿಯಾಗಿದ್ದವಳು ಪಟಾಕಿಗೆ ಹೆದರುವುದೇ ಎಂದು ಮಕ್ಕಳು ಚೇಷ್ಟೆ ಮಾಡುತ್ತಾರೆ. ಅವರೊಂದಿಗೆ ನಾನೂ ನಗುತ್ತೇನೆ, ಕುರ್ಚಿಯನ್ನು ಮಾತ್ರ ಬಿಡುವುದಿಲ್ಲ.

ನಮ್ಮ ಸಂಸ್ಥಾನ ಬಹಳ ಸಣ್ಣದು. ಶಿಗ್ಗಾವಿ, ಸವಣೂರು, ಹಾನಗಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಚದುರಿದ್ದ ಕೆಲವು ಹಳ್ಳಿಗಳು, ಅಷ್ಟೆ. ನಮ್ಮೂರಿನಲ್ಲಿ ಗಾಡಿ ಹತ್ತಿ ಒಂದು ಸಣ್ಣ ನಿದ್ದೆ ತೆಗೆದವನು ಕಣ್ಣು ಬಿಟ್ಟಾಗ ಇಂಗ್ಲಿಷರ ಸೀಮೆಯಲ್ಲಿರುತ್ತಿದ್ದ. ಆದರೂ ನಮಗೊಬ್ಬ ದೊರೆ ಇದ್ದರು, ಅವರ ಅರಮನೆಯಾದ ವಾಡೆ ಇತ್ತು, ವಾಡೆಯ ಮುಂದಿನ ಬಯಲಿನ ಕಲ್ಲುಕಟ್ಟೆಯ ಮೇಲೆ ತೋಪು ಎನ್ನುತ್ತಿದ್ದ ಒಂದು ಹಳೆಯ ಫಿರಂಗಿ ಇತ್ತು, ಮತ್ತು ಇವೆಲ್ಲವನ್ನೂ ಕಾಯುವುದಕ್ಕೆ ಒಬ್ಬ ಸೇನಾಪತಿ ಇದ್ದರು. ಸೇನಾಪತಿಗಳ ಮನೆ ನಮ್ಮ ಮನೆಗೆ ಗೋಡೆ ಹಂಚಿಕೊಂಡಿತ್ತು. ನಮ್ಮಪ್ಪ ಎಲೆಬಳ್ಳಿ ತೋಟದ ಎಲೆ ಕಟ್ಟಿಸಿ ಸವಣೂರಿನ ಪೇಟೆಗೆ ಕಳಿಸುವವರು. ಪೆಂಡಿಗಳಲ್ಲಿ ಒಳ್ಳೆಯ ಎಲೆಗಳನ್ನು ಆರಿಸಿ ಮೊದಲು ಗೋಡೆಯಾಚೆ ಕೊಟ್ಟು ಬರುವುದು ನನ್ನ ಕೆಲಸವಾಗಿತ್ತು. ಹೀಗೆ ಚಿಕ್ಕಂದಿನಿಂದಲೇ ನಾನು ಅವರನ್ನು ಅಜ್ಜಾರು ಎಂದೂ ಅವರ ಹೆಂಡತಿಯನ್ನು ಆಯಿ ಎಂದೂ ಕರೆಯುತ್ತ ಬೆಳೆದೆ.

ಅಜ್ಜಾರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಎಲೆ ಹಾಕಿಕೊಳ್ಳುತ್ತ ತಮ್ಮ ಹುದ್ದೆಯ ಕಥೆ ಹೇಳುತ್ತಿದ್ದರು. ಅವರ ಹಿರಿಯರ ಕಾಲದಲ್ಲಿ ಈ ಹುದ್ದೆಗೆ ಬಕ್ಷಿ ಎನ್ನುತ್ತಿದ್ದರಂತೆ. ಯುದ್ಧಕ್ಕಿಂತ ಹೆಚ್ಚಾಗಿ ಅದು ಕುದುರೆಗಳ ಲೆಕ್ಕದ ಕೆಲಸ. ಒಂದೇ ಕುದುರೆಯನ್ನು ಎರಡು ಸಲ ಮುಂದೆ ಹಾಯಿಸಿ ಎರಡು ಪಗಾರ ಎತ್ತುವ ಸವಾರರಿದ್ದರಂತೆ. ಅದಕ್ಕೇ ಬಕ್ಷಿ ತಾನೇ ನಿಂತು ಕುದುರೆಯ ತೊಡೆಗೆ ಮುದ್ರೆ ಒತ್ತಿಸಬೇಕಾಗಿತ್ತು. ಆಮೇಲೆ ಕಂಪನಿಯವರು ಬಂದು, ನಿಮ್ಮ ಸೀಮೆಯನ್ನು ಇನ್ನು ನಾವೇ ಕಾಯುತ್ತೇವೆ, ನಿಮಗೆ ಕುದುರೆಗಳೇಕೆ ಎಂದರು. ಕುದುರೆಗಳು ಹೋದವು, ಸವಾರರೂ ಹೋದರು.

"ಫೌಜು ಹೋತು, ಫೌಜಿನ ಸಾಹೇಬ ಉಳದ," ಎಂದು ಅಜ್ಜಾರು ನಗುತ್ತಿದ್ದರು.

ಮೂವತ್ತರ ದಶಕದಲ್ಲಿ, ನಾನು ಸಾಲಿಗೆ ಹೋಗುತ್ತಿದ್ದಾಗ, ಉಳಿದಿದ್ದವರು ಒಂದಿಷ್ಟು ಶಿಪಾಯಿಗಳು. ಅವರು ಖಜಾನೆಯ ಬಾಗಿಲು ಕಾಯುತ್ತಿದ್ದರು. ದೊರೆಗಳ ಮುಂದೆ ಕಂದೀಲು ಹಿಡಿಯುತ್ತಿದ್ದರು. ಬಾಕಿ ಹೊತ್ತಿನಲ್ಲಿ ಎಲೆಬಳ್ಳಿ ತೋಟಕ್ಕೆ ನುಗ್ಗುವ ದನಗಳನ್ನು ಹೊಡೆಯುತ್ತಿದ್ದರು. "ಈ ಫೌಜು ಎಮ್ಮಿ ಮ್ಯಾಲೆ ಮಾಡಿದಷ್ಟು ದಂಡಯಾತ್ರೆ ಮತ್ಯಾರ ಮ್ಯಾಲೂ ಮಾಡಿಲ್ಲ," ಎಂದು ಆಯಿ ಒಳಗಿನಿಂದಲೇ ಅನ್ನುವರು. ಅಜ್ಜಾರು ಕೇಳಿಸದವರಂತೆ ಸುಣ್ಣ ಸವರುವರು.

ಆದರೆ ತೋಪಿನ ವಿಷಯ ಬಂದರೆ ಅವರು ನಗುತ್ತಿರಲಿಲ್ಲ. ದಸರೆಗೆ ಮತ್ತು ದೊಡ್ಡ ದಿನಗಳಲ್ಲಿ ತೋಪು ಹಾರಿಸುವ ಹಕ್ಕು ಸೇನಾಪತಿಯದು. ಅದಕ್ಕೊಂದು ದಸ್ತೂರಿತ್ತು. ಬತ್ತಿ ಕೊಟ್ಟ ಸೇನಾಪತಿ ತೋಪಿನ ಸದ್ದು ಆಗುವವರೆಗೆ ಹಿಂದಕ್ಕೆ ಹೆಜ್ಜೆ ಇಡಬಾರದು. ಹಿಂದೆ ಯಾವುದೋ ಮುತ್ತಿಗೆಯಲ್ಲಿ ಮದ್ದು ಹೊತ್ತದೆ ತೋಪಿನವರೆಲ್ಲ ಓಡಿದಾಗ ಅವರ ಹಿರಿಯರೊಬ್ಬರು ಮಾತ್ರ ಕದಲದೆ ನಿಂತಿದ್ದರಂತೆ. ಅಂದಿನಿಂದ ಆ ಮನೆತನದಲ್ಲಿ ಒಬ್ಬರೂ ಹೆಜ್ಜೆ ಹಿಂದಿಟ್ಟಿರಲಿಲ್ಲ. ಅಜ್ಜಾರಿಗೆ ಆಸ್ತಿ ಅಂತ ಇದ್ದದ್ದು ಅದೊಂದೇ ಎಂದರೂ ಸರಿ.

ಇನ್ನೊಂದು ದಸ್ತೂರನ್ನು ನಾನೇ ಕಣ್ಣಾರೆ ಕಂಡಿದ್ದೆ. ಕಣ್ಣಿಗೆ ಪೊರೆ ಬಂದು ಅಜ್ಜಾರು ಮಿರಜಿಗೆ ತೋರಿಸಿಕೊಳ್ಳಲು ಹೊರಟಾಗ, ತಮ್ಮ ರುಮಾಲನ್ನು ತೆಗೆದು ತಡಸದಿಂದ ಬಂದಿದ್ದ ತಮ್ಮನ ತಲೆಯ ಮೇಲಿಟ್ಟು, ತಾವೇ ಮೊದಲು ಸಲಾಮು ಹೊಡೆದರು. ಚಾರ್ಜು ಕೊಡುವುದೆಂದರೆ ಇಷ್ಟೆ, ರುಮಾಲು ಯಾರ ತಲೆಯ ಮೇಲೋ ಅವರೇ ಸೇನಾಪತಿ. ಕಣ್ಣು ಅಷ್ಟೇನೂ ಸುಧಾರಿಸದೆ ವಾಪಸು ಬಂದ ಮೇಲೂ, ರುಮಾಲು ತಿರುಗಿ ಬರುವವರೆಗೆ, ಆ ತಮ್ಮ ಮನೆಗೆ ಬಂದಾಗಲೆಲ್ಲ ಅಜ್ಜಾರು ಎದ್ದು ನಿಂತು "ಬರ್ರಿ ಸಾಹೇಬ್ರ, ಕುಂತ್ರಿ" ಎನ್ನುತ್ತಿದ್ದರು. ತಮ್ಮನಿಗೆ ನಾಚಿಕೆಯಾಗಿ, ರುಮಾಲನ್ನು ಯಾರದೋ ಕೈಯಲ್ಲಿ ಕಳಿಸಿ, ಬರುವುದನ್ನೇ ಬಿಟ್ಟ.

ಸಂಸ್ಥಾನಗಳು ವಿಲೀನವಾಗುತ್ತಿದ್ದ ವರ್ಷ ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ದೊರೆಗಳು ಸಹಿ ಮಾಡಲು ಮುಂಬಯಿಗೆ ಹೋಗಿದ್ದರು. ಅವರ ಬಾವುಟ ಇಳಿಯುವ ದಿನ ಕೊನೆಯ ಸಲ ತೋಪು ಹಾರಿಸಬೇಕೆಂದು ಅಜ್ಜಾರು ನಿಶ್ಚಯಿಸಿದರು. ಹೊಸ ಮದ್ದು ಹಿರೇಕೆರೂರ ಕಡೆಯ ಕಲ್ಲು ಒಡೆಯುವವರಿಂದ ಬರಬೇಕಾಗಿತ್ತು, ಬರಲಿಲ್ಲ. ಉಗ್ರಾಣದ ಮೂಲೆಯಲ್ಲಿದ್ದ ಹಳೆಯ ಮದ್ದನ್ನೇ ಬಿಸಿಲಿಗೆ ಒಣಗಿಸಿ ತುಂಬಿದರು. ಅಜ್ಜಾರ ಕೈ ಹಿಡಿದು ನಡೆಸುತ್ತಿದ್ದ ಶಿಪಾಯಿ ಥಂಡಿ ಜ್ವರದಲ್ಲಿ ಮಲಗಿದ್ದ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಬತ್ತಿಯ ಕೋಲನ್ನು ತೋಪಿನ ಕಿಂಡಿಗೆ ಸರಿಯಾಗಿ ಮುಟ್ಟಿಸಿ ನಾನು ದೂರ ಸರಿಯಬೇಕು. ಅಷ್ಟೇ.

ಮಧ್ಯಾಹ್ನ ಇಳಿಯುತ್ತಿತ್ತು. ಊರ ಜನ ಬೇವಿನ ಮರದ ಹಿಂದೆ ದೂರದಲ್ಲಿ ನಿಂತಿದ್ದರು. ವಾಡೆಯ ಮೇಲಿನ ಬಾವುಟ ಇಳಿಯಿತು. ನಾನು ಅಜ್ಜಾರ ಮುಂಗೈ ಹಿಡಿದು ಬತ್ತಿಯನ್ನು ಕಿಂಡಿಗೆ ತೋರಿಸಿದೆ. ಭುಸ್ಸೆಂದು ಬೆಂಕಿ ಎದ್ದಿತು. ನಾನು ಕಿವಿ ಮುಚ್ಚಿಕೊಂಡು ಕಟ್ಟೆಯಿಂದ ಇಳಿದೆ.

ಸದ್ದು ಬರಲಿಲ್ಲ.

ಕಿಂಡಿಯಿಂದ ದಾರದಂಥ ಹೊಗೆ ಏಳುತ್ತಿತ್ತು. ಒಳಗೆ ಕಿಡಿ ಇದೆ, ಮದ್ದು ಮೆಲ್ಲಗೆ ಹೊತ್ತುತ್ತಿದೆ. ತೋಪಿನ ಹಿಂಭಾಗದಲ್ಲಿ ಕೂದಲೆಳೆಯ ಬಿರುಕಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಅಜ್ಜಾರು ಅದರ ಪಕ್ಕದಲ್ಲೇ, ಕೋಲು ಹಿಡಿದು, ನೆಟ್ಟಗೆ ನಿಂತಿದ್ದರು.

ನಾನು ತಿರುಗಿ ಕಟ್ಟೆ ಹತ್ತಿದೆ. "ಅಜ್ಜಾರ, ಬರ್ರಿ. ಇದು ಒಡೀತೈತಿ."

"ಒಡದ್ರ ಸದ್ದು ಬರತೈತಲ್ಲ ತಂಗಿ. ಆಗ ಸರೀತೇನಿ."

ಮರದ ಹಿಂದಿನಿಂದ ಆಯಿಯ ದನಿ ಬಂತು. "ಏನ್ರೀ, ಸಾಕು ಬರ್ರಿ ಈ ಕಡೆ."

"ಆಕಿ ಹುಕುಂ ಮನ್ಯಾಗ ನಡೀತೈತಿ, ಬಯಲಾಗ ಅಲ್ಲ," ಎಂದು ಅಜ್ಜಾರು ನನಗೆ ಮೆಲ್ಲಗೆ ಹೇಳಿದರು.

ಒಬ್ಬ ಶಿಪಾಯಿಗೆ ಬುದ್ಧಿ ಹೊಳೆದು ತನ್ನ ಬಂದೂಕನ್ನು ಆಕಾಶಕ್ಕೆ ಹಾರಿಸಿದ. "ಸದ್ದಾತ್ರಿ ಸಾಹೇಬ್ರ, ಬರ್ರಿ," ಎಂದು ಕೂಗಿದ.

"ಕಣ್ಣು ಹೋಗ್ಯಾವು, ಕಿವಿ ಹೋಗಿಲ್ಲ," ಎಂದರು ಅಜ್ಜಾರು.

ನಾನು ಅವರ ತೋಳು ಹಿಡಿದು ಎಳೆದೆ. ಬೇವಿನ ಮರವನ್ನು ಎಳೆದಂತಾಯಿತು. "ಯಾರು ಹೇಳಿದ್ರ ಸರೀತೀರಿ ಅಜ್ಜಾರ?"

"ದೊರಿ ಹೇಳಿದ್ರ ಸರೀತಿದ್ದೆ. ದೊರಿ ಮುಂಬಯ್ಯಾಗ ಅದಾರ. ಫೌಜಿನಾಗ ನನಗ ಹುಕುಂ ಕೊಡಾವ ಯಾರದಾನ? ಎಲ್ಲಾರಕಿಂತ ಮ್ಯಾಲಿನವ ನಾನ." ಹೆಮ್ಮೆಯಿಂದಲ್ಲ, ಸುಮ್ಮನೆ ವಿವರಿಸುವಂತೆ ಹೇಳಿದರು.

ಆಗ ನನಗೆ ತಮ್ಮನ ತಲೆಯ ಮೇಲಿನ ರುಮಾಲು ನೆನಪಾಯಿತು.

"ಚಾರ್ಜು ನನಗ ಕೊಡ್ರಿ," ಎಂದೆ.

"ಹೆಣ್ಣ ಹುಡುಗಿಗೆ?"

"ಹೆಣ್ಣಿಗೆ ಕೊಡಬಾರದಂತ ದಸ್ತೂರದಾಗ ಐತೇನ್ರಿ?"

ತೋಪು ಹೊಗೆಯುತ್ತಿತ್ತು. ಅಜ್ಜಾರು ಆ ಹೊಗೆಯ ಪಕ್ಕದಲ್ಲಿ ನಿಂತು, ಮನೆಯ ಕಟ್ಟೆಯ ಮೇಲೆ ಎಲೆ ಮಡಿಚುವಷ್ಟು ನಿಧಾನವಾಗಿ ವಿಚಾರ ಮಾಡಿದರು. "ಹಂಗಂತ ಯಾರೂ ಹೇಳಿಲ್ಲ," ಎಂದರು ಕೊನೆಗೆ. "ತಲಿ ಬಗ್ಗಸು."

ರುಮಾಲು ನನ್ನ ತಲೆಯ ಮೇಲೆ ಬಂತು. ದೊಡ್ಡದಾಗಿತ್ತು, ಹುಬ್ಬಿನವರೆಗೆ ಜಾರಿತು. ಅಜ್ಜಾರು ಕಾಲು ಜೋಡಿಸಿ ನನಗೆ ಸಲಾಮು ಹೊಡೆದರು.

"ಹಿಂದ ಸರೀರಿ," ಎಂದೆ. ದನಿ ಅವರಿಗಷ್ಟೇ ಕೇಳುವಷ್ಟಿತ್ತು.

"ಹುಕುಂ ಹಂಗ ಕೊಡೂದಲ್ರಿ ಸಾಹೇಬ್ರ. ಜೋರಾಗಿ ಕೊಡ್ರಿ."

ನಾನು ಬಯಲಿಗೆಲ್ಲ ಕೇಳುವಂತೆ ಕಿರುಚಿದೆ. ಅವರು ತಿರುಗಿ, ಕಟ್ಟೆಯ ಮೆಟ್ಟಿಲನ್ನು ಕೋಲಿನಿಂದ ತಡಕಿ ಇಳಿದು, ಎದೆ ಎತ್ತಿ ನಡೆದರು. ಓಡಲಿಲ್ಲ, ಹುಕುಮಿನಲ್ಲಿ ಓಡು ಅಂತ ಇರಲಿಲ್ಲ. ಆಯಿ ಮರದ ಹಿಂದಿನಿಂದ "ಬಲಕ್ಕ, ಇನ್ನ ಬಲಕ್ಕ" ಎನ್ನುತ್ತಿದ್ದರು.

ನಾನು ಅವರ ಹಿಂದೆಯೇ ಓಡಬಹುದಿತ್ತಲ್ಲ ಎಂದು ಈಗಲೂ ಜನ ಕೇಳುತ್ತಾರೆ. ಓಡುವಂತಿರಲಿಲ್ಲ. ನನ್ನ ಕಾಲಿನ ಸದ್ದು ಕೇಳಿದರೆ ಇದು ಹೂಟ ಎಂದು ತಿಳಿದು, ಅವರು ತಿರುಗಿ ಕಟ್ಟೆ ಹತ್ತುತ್ತಿದ್ದರು. ಮತ್ತೆ ಅವರನ್ನು ಇಳಿಸುವ ಉಪಾಯ ನನ್ನಲ್ಲಿರಲಿಲ್ಲ. ಅದಕ್ಕೇ ನಿಂತೆ. ನಡುವೆ ಅವರು ನಿಂತು, ಮುಖ ತಿರುಗಿಸದೆ ಕೇಳಿದರು.

"ಸಾಹೇಬ್ರ, ಅದೀರೇನ್ರಿ?"

"ಅದೇನಿ," ಎಂದೆ.

ಮತ್ತೆ ಕೆಲವು ಹೆಜ್ಜೆ. "ಅದೀರೇನ್ರಿ?"

"ಅದೇನಿ."

ಇದೇ ನನಗೆ ಮತ್ತೆ ಮತ್ತೆ ಬರುವುದು. ಮೊಣಕೈಗೆ ತಾಗುವ ಕಬ್ಬಿಣದ ಬಿಸಿ, ಕಣ್ಣಿಗೆ ಜಾರುವ ರುಮಾಲು, ಕಿಂಡಿಯ ಹೊಗೆ ಒಮ್ಮೆ ತೆಳ್ಳಗಾಗಿ ಮತ್ತೆ ದಪ್ಪಗಾಗುವುದು, ಹೊಲದಲ್ಲಿ ಅಡ್ಡಾಡಲು ಹೊರಟವರಂತೆ ಅವರ ಬೆನ್ನು. ಕನಸಿನಲ್ಲಿ ಆ ಬೆನ್ನು ಮರವನ್ನು ಮುಟ್ಟುವುದೇ ಇಲ್ಲ. ನಿಜದಲ್ಲಿ ಮುಟ್ಟಿತು. ಆಯಿ ಅವರ ತೋಳನ್ನು ಎರಡೂ ಕೈಯಿಂದ ಹಿಡಿದದ್ದನ್ನು ನೋಡಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು ಕಟ್ಟೆಯಿಂದ ಹಾರಿದೆ. ನಮ್ಮಪ್ಪನ ತೋಟದ ಬೇಲಿಯ ಸಂದಿನಲ್ಲಿ ನುಗ್ಗಿ ಕಾಲುವೆಯೊಳಗೆ ಬಿದ್ದೆ. ನೀರು ಹಣೆಗೆ ಬಡಿದದ್ದಕ್ಕೂ ನೆಲ ನಡುಗಿದ್ದಕ್ಕೂ ನಡುವೆ ಒಂದು ಉಸಿರು ಇತ್ತೋ ಇಲ್ಲವೋ.

ಹಿರಿಯರು ಹೇಳುವಂತೆ ಆ ತೋಪು ಅಷ್ಟು ದೊಡ್ಡ ಸದ್ದನ್ನು ಎಂದೂ ಮಾಡಿರಲಿಲ್ಲ. ಬಿರುಕಿದ್ದ ಹಿಂಭಾಗ ಕಿತ್ತು ಹೋಗಿ, ನಾನು ನಿಂತಿದ್ದ ಜಾಗದ ಕಲ್ಲು ಎರಡಾಗಿತ್ತು. ಕಬ್ಬಿಣದ ಒಂದು ತುಂಡು ಬೇವಿನ ಮರದ ಕವಲಿನಲ್ಲಿ ನಾಟಿತ್ತು. ಯಾರಿಗೂ ಏನೂ ಆಗಲಿಲ್ಲ. ಶಿಪಾಯಿಗಳು ಎಷ್ಟೋ ಕಾಲದ ಮೇಲೆ ಒಂದು ನಿಜವಾದ ದಂಡಯಾತ್ರೆ ಹೊರಟರು, ನಮ್ಮ ಎಮ್ಮೆಗಳು ದಿಕ್ಕಾಪಾಲಾಗಿದ್ದವು.

ಕಾಲುವೆಯ ದಂಡೆಗೆ ಅಜ್ಜಾರನ್ನು ಕೈ ಹಿಡಿದು ಕರೆತಂದರು. ನಾನು ಕೆಸರಿನಲ್ಲಿ ಕುಳಿತಿದ್ದೆ. ಅವರು ಬಗ್ಗಿ ನನ್ನ ತಲೆ, ಮುಖ, ತೋಳುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದರು. ಎಲ್ಲ ಇವೆ ಎಂದು ಖಾತ್ರಿಯಾದ ಮೇಲೆ ಕೇಳಿದರು.

"ಸದ್ದಾಗೂಕಿಂತ ಮದಲ ಸರದ್ರೋ, ಆಮ್ಯಾಲ ಸರದ್ರೋ?"

"ಮದಲರಿ. ಸರೀಲಿಲ್ಲ, ಓಡಿದೆ."

ಅವರು ಹೊಟ್ಟೆ ಕುಲುಕುವ ಹಾಗೆ ನಗತೊಡಗಿದರು. "ಭಾಳ ಛಲೋ ಆತು. ನಮ್ಮ ಮನೆತನದಾಗ ಒಬ್ಬನೂ ಓಡಿಲ್ಲ. ಸಂಸ್ಥಾನದಾಗ ಓಡಿದ ಸೇನಾಪತಿ ನೀ ಒಬ್ಬಾಕಿ. ನೀ ನಮ್ಮ ಮನಿಯಾಕಿ ಅಲ್ಲ, ಬಾಜೂ ಮನಿಯಾಕಿ."

"ಮುದುಕಾ, ಆಕಿ ನಿಮ್ಮ ಜೀವಾ ಉಳಿಸ್ಯಾಳ," ಎಂದು ಆಯಿ ಗದರಿದರು.

"ಗೊತ್ತೈತಿ," ಎಂದರು ಅಜ್ಜಾರು. "ಮರ್ಯಾದಿನೂ ಉಳಿಸ್ಯಾಳ."

ಆಯಿ ರುಮಾಲನ್ನು ಒಗೆದು ಒಣಗಿಸಿದರು. ನಾನು ಅದನ್ನು ತೆಗೆದುಕೊಂಡು ಹೋಗಿ ಚಾರ್ಜು ವಾಪಸು ತಗೊಳ್ಳಿ ಎಂದಾಗ ಅಜ್ಜಾರು ಎದ್ದು ನಿಂತರು. "ತಗೊಳ್ಳಾಕ ಸಂಸ್ಥಾನನ ಉಳದಿಲ್ರಿ ಸಾಹೇಬ್ರ. ನಿಮ್ಮ ಹಂತೇಕನ ಇರಲಿ. ಕುಂತ್ರಿ, ಎಲಿ ಹಾಕ್ರಿ." ಬದುಕಿರುವವರೆಗೂ ನಾನು ಒಳಗೆ ಬಂದರೆ ಅವರು ಎದ್ದು ನಿಲ್ಲುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಆದರೆ ಅವರ ತಮ್ಮನಂತೆ ನಾನು ಹೋಗುವುದನ್ನು ಬಿಡಲಿಲ್ಲ.

ರುಮಾಲು ಈಗಲೂ ನನ್ನ ಟ್ರಂಕಿನಲ್ಲಿದೆ. ಮೊನ್ನೆ ದೀಪಾವಳಿಯಲ್ಲಿ ಅಂಗಳದಲ್ಲೊಂದು ಪಟಾಕಿ ಹಾಗೇ ಹೊಗೆಯುತ್ತ ಕುಳಿತಿತ್ತು. ನಾನು ಕುರ್ಚಿಯ ಕೈ ಹಿಡಿದದ್ದನ್ನು ಮೊಮ್ಮಗಳು ನೋಡಿ, ಬಾಗಿಲಿನಿಂದಲೇ ಕೂಗಿದಳು.

"ಸಾಹೇಬ್ರ, ಅದೀರೇನ್ರಿ?"

"ಅದೇನಿ," ಎಂದೆ.