ಹಿಮದ ಮೇಲೆ ಬಿದ್ದ ಬಿಸಿಲು

ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದೆ. ಭದ್ರಾವತಿಯ ಜನ್ನಾಪುರದಲ್ಲಿ ಬಿಸಿಲು ಚುರುಕಾಗಿತ್ತು. ಹಿಟ್ಟು ಗಟ್ಟಿಯಾಗುವುದರೊಳಗೆ ಒತ್ತಿ ಮುಗಿಸಬೇಕೆಂಬ ಅವಸರ ಬಿಟ್ಟರೆ ಬೇರೆ ಚಿಂತೆ ಇರಲಿಲ್ಲ. ಒಂದು ವಾರದ ಕಳವಳ ಅಂದು ಬೆಳಿಗ್ಗೆಯಷ್ಟೇ ಇಳಿದಿತ್ತು.

ಪಕ್ಕದ ಮನೆಯ ಲಾರಿ ಡ್ರೈವರರ ಹೆಂಡತಿ ತನ್ನ ತಾರಸಿಗೆ ಓಡಿ ಬಂದಳು.

"ಅಕ್ಕಾ, ನಿಮ್ಮನೆಯವ್ರು ಇರೋದು ಕಾಶ್ಮೀರದ ಹಿಮದಲ್ಲೇ ಅಲ್ವಾ?"

"ಹೌದು, ಯಾಕೆ?"

"ಟೀವಿಲಿ ತೋರಿಸ್ತಿದಾರೆ. ಗುಡ್ಡದ ಹಿಮ ಕುಸಿದು ಬಿದ್ದಿದೆಯಂತೆ. ಜನ ಸಿಕ್ಕಾಕ್ಕೊಂಡಿದಾರಂತೆ."

"ಏನ್ ಮಾರಾಯ್ತಿ, ಅಲ್ಲಿ ಇವತ್ತು ಬಿಸಿಲು! ಬೆಳಿಗ್ಗೆ ಅವ್ರೇ ಫೋಟೋ ಕಳಿಸಿದಾರೆ" ಎಂದು ನಾನು ನಕ್ಕೇಬಿಟ್ಟೆ.

ಅವಳು ನಗಲಿಲ್ಲ. "ಬಿಸಿಲೇ ಅಕ್ಕಾ. ಬಿಸಿಲಲ್ಲೇ ಬಿದ್ದಿದೆ. ಮೊದಲು ಫೋನ್ ಮಾಡಿ."

ನಮ್ಮ ಯಜಮಾನರು ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನುಗಳ ಉಕ್ಕಿನ ಹಗ್ಗ ನೋಡಿಕೊಳ್ಳುತ್ತಿದ್ದವರು. ಎಲ್ಲಿ ಎಳೆ ಸವೆದಿದೆ, ಎಲ್ಲಿ ಗ್ರೀಸು ಕಡಿಮೆಯಾಗಿದೆ ಎಂದು ನೋಡುವುದೇ ಅವರ ಕೆಲಸ. ಅಲ್ಲಿ ಕೆಲಸ ಬಿಟ್ಟ ಮೇಲೆ ಒಬ್ಬ ಕಂಟ್ರಾಕ್ಟರು ಚಳಿಗಾಲದ ಮಟ್ಟಿಗೆ ಅವರನ್ನು ಕಾಶ್ಮೀರದ ಒಂದು ಸ್ಕೀ ತಾಣಕ್ಕೆ ಕರೆದುಕೊಂಡು ಹೋದ. ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವವರನ್ನು ಗುಡ್ಡದ ತಲೆಗೆ ಏರಿಸಲು ಅಲ್ಲಿ ರೋಪ್‌ವೇ ಇದೆ. ಅದರ ಹಗ್ಗ ಇವರ ಜವಾಬ್ದಾರಿ. ಶಿವಮೊಗ್ಗದ ಚಳಿಗೇ ಮಫ್ಲರ್ ಸುತ್ತಿಕೊಳ್ಳುವ ಮನುಷ್ಯ!

ಅಲ್ಲಿನ ಆಫೀಸಿನ ಮುಂದೆ ದಿನಾ ಬೆಳಿಗ್ಗೆ ಒಂದು ಬೋರ್ಡು ಬರೆಯುತ್ತಾರೆ. ಎಷ್ಟು ಹಿಮ ಬಿತ್ತು, ಗಾಳಿ ಹೇಗಿದೆ, ಚಳಿ ಎಷ್ಟು ಎಂದು ಅದರಲ್ಲಿರುತ್ತದೆ. ಮೇಲೆ ಮೋಡದ್ದೋ ಸೂರ್ಯನದ್ದೋ ಒಂದು ಚಿತ್ರ. ಕೆಳಗೆ ಹಿಮ ಕುಸಿಯುವ ಅಪಾಯಕ್ಕೆ ಒಂದರಿಂದ ಐದರೊಳಗೆ ಒಂದು ಅಂಕಿ; ಅಂಕಿ ಏರಿದಷ್ಟೂ ಅಪಾಯ ಹೆಚ್ಚು. ಇವರು ಅದರ ಫೋಟೋ ತೆಗೆದು ನನಗೆ ಕಳಿಸುತ್ತಿದ್ದರು. ಹಾಲಿನವನ ದಾರಿ ನೋಡುವ ಹಾಗೆ ನಾನು ಅದರ ದಾರಿ ನೋಡುತ್ತಿದ್ದೆ.

ಆ ವಾರವಿಡೀ ಬೋರ್ಡಿನಲ್ಲಿ ಹಿಮ ಸುರಿಯುವ ಚಿತ್ರವೇ ಇತ್ತು. ನಮ್ಮ ಕಡೆಯವರಿಗೆ ಭಯವೆಂದರೆ ಸುರಿಯುವುದು. ಮಳೆ ಹಿಡಿದರೆ ಭದ್ರೆ ಏರುತ್ತಾಳೆ, ಗೋಡೆ ಕುಸಿಯುತ್ತದೆ. ಬಿಸಿಲು ಬಿದ್ದರೆ ಸಾಕು, ಬಾಗಿಲು ತೆರೆದು ಉಸಿರು ಬಿಡುತ್ತೇವೆ. ಅದೇ ಲೆಕ್ಕದಲ್ಲಿ ನಾನು ಒಂದು ನಾಣ್ಯ ತೊಳೆದು, ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವಿಯ ಮುಂದಿಟ್ಟೆ. ಅಲ್ಲಿ ಬಿಸಿಲು ಕೊಡು ತಾಯಿ ಎಂದು ಬೇಡಿಕೊಂಡೆ.

ಅಂದು ಬೆಳಿಗ್ಗೆ ಬೋರ್ಡಿನಲ್ಲಿ ಸೂರ್ಯ ಬಂದಿದ್ದ. ತುಪ್ಪದ ದೀಪ ಹಚ್ಚಿ, ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ನನ್ನಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು, "ನಿನ್ ಮುಡಿಪು ಕಾಶ್ಮೀರದ ತನಕ ಮುಟ್ಟುತ್ತೆ ಅಂದ್ರೆ, ನಮ್ ರೋಡಿನ ಗುಂಡಿಗೂ ಒಂದು ಕಟ್ಟೇ ಮಾರಾಯ್ತಿ" ಎಂದು ನಗೆಯಾಡಿದಳು. ಸೂರ್ಯನ ಕೆಳಗಿದ್ದ ಅಂಕಿಯನ್ನು ನಾನು ನೋಡಲೇ ಇಲ್ಲ.

ಈಗ ಹಿಟ್ಟು ಮೆತ್ತಿದ ಕೈಯಲ್ಲೇ ಫೋನ್ ತೆಗೆದೆ. ಅವರ ನಂಬರು ಸಿಗಲಿಲ್ಲ. ಮತ್ತೆ ಮತ್ತೆ ಒತ್ತಿದರೂ ವ್ಯಾಪ್ತಿ ಪ್ರದೇಶದ ಹೊರಗೆ ಎಂಬ ಅದೇ ದನಿ. ಬೆಳಗಿನ ಫೋಟೋ ತೆರೆದೆ. ಸೂರ್ಯನ ಕೆಳಗೆ ಕೆಂಪಕ್ಷರದಲ್ಲಿ ನಾಲ್ಕು ಎಂದಿತ್ತು.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಪಕ್ಕದ ಮನೆಯವಳು ಬಂದು ಟೀವಿ ಹಾಕಿದಳು. ನೀಲಿ ಆಕಾಶ, ಕಣ್ಣು ಕುಕ್ಕುವ ಬಿಳಿ ಗುಡ್ಡ, ಅದರ ಮೈಮೇಲೆ ಬಗೆದ ಹಾಗೊಂದು ಗಾಯ. ದೇವಿಯ ಮುಂದೆ ಕೂತೆ. ಕೈಮುಗಿದು ಈಗ ಏನೆಂದು ಬೇಡಲಿ? ನಾನು ಕೇಳಿದ್ದನ್ನೇ ಕೊಟ್ಟಿದ್ದಳಲ್ಲ! ಮುಡಿಪು ಬಿಚ್ಚಿಬಿಡಲೇ ಎಂದು ಕೈ ಹೋಯಿತು. ಬಿಚ್ಚಿದರೆ ಇನ್ನೇನಾಗುವುದೋ ಎಂದು ಹೆದರಿ ಕೈ ಹಿಂದೆ ತೆಗೆದೆ.

"ನೀರು ಕುಡೀರಿ ಅಕ್ಕಾ. ಅಲ್ಲಾ ಇದಾನೆ, ಕಾಪಾಡ್ತಾನೆ" ಎಂದು ಅವಳು ನನ್ನ ಬೆನ್ನು ಸವರುತ್ತಿದ್ದಳು.

ಕೊನೆಗೆ ಫೋನ್ ಬಂತು.

"ಏನೇ, ಊಟ ಆಯ್ತಾ?"

"ರೀ! ಎಲ್ಲಿದೀರಿ ನೀವು?"

"ಕೆಳಗೇ ಇದೀನಿ. ಇಷ್ಟೊತ್ತು ಫೋನಿಗೆ ಸಿಗ್ನಲ್ ಇರಲಿಲ್ಲ. ನಾಲ್ಕು ಅಂತ ಬರೆದಿದ್ರಲ್ಲ, ಬೆಳಿಗ್ಗೆಯಿಂದ ರೋಪ್‌ವೇ ಓಡಿಸಿಲ್ಲ."

"ಬಿಸಿಲು ಬಂದಿದೆ ಅಂತ ನಾನು..."

"ಬಿಸಿಲಿಂದಲೇ ಕಣೇ ಕಷ್ಟ. ಅಷ್ಟು ದಿನ ಬಿದ್ದ ಹೊಸಾ ಹಿಮ ಇನ್ನೂ ಗಟ್ಟಿ ಕೂತಿರಲ್ಲ. ಬಿಸಿಲಿಗೆ ನೆಂದು ಭಾರ ಆಗಿ ಒಟ್ಟಿಗೇ ಜಾರುತ್ತೆ. ಸ್ಕೀ ಮಾಡೋಕೆ ಬಂದಿದ್ದ ಇಬ್ರು ಬೇಲಿ ದಾಟಿ ನಡ್ಕೊಂಡೇ ಹತ್ತಿದ್ರು. ಒಬ್ಬ ಸಿಕ್ಕಿದ. ಇನ್ನೊಬ್ಬನ್ನ ಹಿಮಕ್ಕೆ ಕೋಲು ಚುಚ್ಚಿ ಹುಡುಕ್ತಿದಾರೆ. ಜನ ಸಾಲ್ತಿಲ್ಲ, ನಾನೂ ಹೋಗ್ತೀನಿ."

"ಬೇಡ ರೀ! ಇನ್ನೊಂದ್ಸಲ ಜಾರಿದ್ರೆ? ನಿಮ್ ಕೆಲಸ ಹಗ್ಗದ್ದು, ಅಷ್ಟೇ."

"ಯಾರೋ ಕಾಯ್ತಿರ್ತಾರಲ್ಲೇ ಅವನಿಗೂ" ಎಂದು ಫೋನ್ ಇಟ್ಟುಬಿಟ್ಟರು.

ಮೊದಲಿನ ಭಯಕ್ಕಿಂತ ಈ ಭಯ ದೊಡ್ಡದಾಗಿತ್ತು. ಮೊದಲು ಅವರು ಎಲ್ಲಿದ್ದಾರೆಂದೇ ತಿಳಿದಿರಲಿಲ್ಲ. ಈಗ ತಿಳಿದಿತ್ತು. ಆ ಗಾಯದ ಮೇಲೆಯೇ ನಡೆಯುತ್ತಿದ್ದಾರೆ. ಟೀವಿಯಲ್ಲಿ ಕಪ್ಪು ಚುಕ್ಕೆಗಳ ಒಂದು ಸಾಲು ಕಂಡಾಗಲೆಲ್ಲ ಯಾವ ಚುಕ್ಕೆ ನಮ್ಮವರು ಎಂದು ಹತ್ತಿರ ಹೋಗಿ ನೋಡುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಅವರ ದನಿ ಕೇಳಿತು. "ಇಳಿದ್ವಿ. ಅವನೂ ಸಿಕ್ಕಿದ. ಉಸಿರಿರಲಿಲ್ಲ." ಯಾರದೋ ಮನೆ ಮುಳುಗಿರುವಾಗ ನನ್ನ ಎದೆ ಹಗುರವಾದದ್ದು ನನಗೇ ಸರಿಕಾಣಲಿಲ್ಲ. ಆದರೂ ದೇವಿ ಉಳಿಸಿಕೊಟ್ಟದ್ದನ್ನು ಉಳಿಸಿಕೊಟ್ಟಳು ಎನ್ನಲೇಬೇಕು. ರೋಪ್‌ವೇ ನಿಂತಿತ್ತು. ಇನ್ನೊಂದು ಸಲ ಜಾರಲಿಲ್ಲ. ಅವರ ಕಾಲಿಗೆ ಗಟ್ಟಿ ಬೂಟಿತ್ತು.

"ನಾಳೆ ಹೆಂಗಂತೆ ರೀ?"

"ನಾಳೆನೂ ಬಿಸಿಲಂತೆ. ಅಂಕಿ ಬೆಳಿಗ್ಗೆ ಬರೀತಾರೆ."

ಬಿಸಿಲು ಬೇಕೆಂದು ಕೇಳಲೋ ಬೇಡವೆಂದು ಕೇಳಲೋ ತಿಳಿಯಲಿಲ್ಲ. ಆ ಗುಡ್ಡದ ಹವೆಯ ವಿಚಾರ ನಿನಗೇ ಗೊತ್ತು ತಾಯಿ, ಅವರನ್ನು ಮಾತ್ರ ದಿನಾ ಕೆಳಗಿಳಿಸು ಎಂದಷ್ಟೇ ಹೇಳಿದೆ.

"ಅಕ್ಕಾ, ನಲ್ಲಿ ಬಂತು!" ಎಂದು ಪಕ್ಕದ ಮನೆಯಿಂದ ಕೂಗು ಬಂತು. ಎದ್ದು ಹೋಗಿ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟೆ.