ಲೋಟದ ಅಂಚಿಗಾಗಿ ನಾಲ್ಕು ಪುಟ

2025ರ ಮುಂಗಾರಿನಲ್ಲಿ ನಾನು ಶಿಗ್ಗಾಂವಿಯ ಒಂದು ಡೇಟಾ ಕೇಂದ್ರಕ್ಕೆ ಕ್ವಾಲಿಟಿ ಲೀಡ್ ಆಗಿ ಸೇರಿದೆ. ಹೆಸರು ದೊಡ್ಡದು, ಕೆಲಸ ಇಷ್ಟೆ: ದಿನಕ್ಕೆ ಎಂಟು ತಾಸು ಬೇರೆಯವರ ಕೈಚಲನೆಯ ವಿಡಿಯೊ ನೋಡಿ ಸರಿ ಅಥವಾ ತಪ್ಪು ಎಂದು ಗುರುತು ಹಾಕುವುದು. ಮೂರನೆಯ ತಿಂಗಳ ಹೊತ್ತಿಗೆ ಕಣ್ಣು ಮುಚ್ಚಿದರೂ ಲೋಟಗಳೇ ಕಾಣುತ್ತಿದ್ದವು.

ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಹನ್ನೆರಡು ಮೇಜುಗಳಿದ್ದವು. ಪ್ರತಿ ಮೇಜಿಗೆ ಎರಡು ಹಗುರವಾದ ಲೋಹದ ತೋಳು, ಎದುರಿಗೆ ಒಂದು ಪರದೆ. ಆಪರೇಟರ್ ಆ ತೋಳುಗಳನ್ನು ಹಿಡಿದು ಆಡಿಸಿದಂತೆ, ಪರದೇಶದ ಪ್ರಯೋಗಾಲಯವೊಂದರ ಅಡಿಗೆಕಟ್ಟೆಯ ಮುಂದೆ ನಿಂತ ರೋಬೋಟಿನ ತೋಳುಗಳು ಆಡುತ್ತವೆ. ಇದಕ್ಕೆ ಟೆಲಿಆಪರೇಷನ್ ಎನ್ನುತ್ತಾರೆ. ಇಲ್ಲಿ ಕೈ ಎತ್ತಿದರೆ ಅಲ್ಲಿ ಏಳಲು ಅರೆಕ್ಷಣ ತಡ. ಆ ತಡಕ್ಕೆ ಹೊಂದಿಕೊಳ್ಳುವುದೇ ಅರ್ಧ ಕಸುಬು. ನೀರಿನ ಲೋಟವನ್ನು ಎತ್ತಿ ಟ್ರೇ ಮೇಲಿಟ್ಟರೆ ಅದು ಒಂದು ಎಪಿಸೋಡ್. ಇಂಥ ಸಾವಿರಾರು ಎಪಿಸೋಡುಗಳಿಂದ ರೋಬೋಟ್ ತಾನೇ ಲೋಟ ಎತ್ತಲು ಕಲಿಯುತ್ತದೆ. ಹಾಗಾದರೆ ಅದು ಕಲಿತ ದಿನ ನಮ್ಮ ಗತಿ ಏನು ಎಂದು ನಾನು ಸಂದರ್ಶನದಲ್ಲೇ ಕೇಳಿದ್ದೆ. ಕೇಂದ್ರದ ಮ್ಯಾನೇಜರ್, ಹಂಸಭಾವಿಯ ವೀರೇಶ ಸರ್ ನಕ್ಕು, "ಪ್ರಶ್ನಿ ಛಲೋ ಐತಿ. ಉತ್ತರ ನನ್ನ ಹತ್ರ ಇಲ್ಲ. ಸೋಮವಾರದಿಂದ ಬರ್ರಿ" ಎಂದಿದ್ದರು.

ವಾದ ನನಗೆ ಮನೆಯಲ್ಲೇ ಸಿಕ್ಕಿದ್ದು. ಸವಣೂರಿನ ನಮ್ಮ ಅಜ್ಜ ಪಂಡಿತರ ವಾಕ್ಯಾರ್ಥ ಸಭೆಗಳಲ್ಲಿ ಕೂತವರು, ಅಪ್ಪ ವಕೀಲರು. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಯಾವ ಕಡೆ ನಿಲ್ಲಿಸಿದರೂ ಬಹುಮಾನ ತರುತ್ತಿದ್ದೆ. ದೇವರನ್ನು ಬಿಟ್ಟದ್ದೂ ಅಪ್ಪನ ಜೊತೆ ವಾದಿಸುತ್ತಲೇ. ಯಾರಾದರೂ ಒಂದು ಮಾತನ್ನು ಖಾತ್ರಿಯಿಂದ ಹೇಳಿದರೆ ಅದರಲ್ಲಿ ಬಿರುಕು ಹುಡುಕದೆ ನನಗೆ ಸಮಾಧಾನವಿಲ್ಲ. ಇದನ್ನು ಗುಣವೆಂದೇ ತಿಳಿದಿದ್ದೆ.

ನಮ್ಮ ಆಪರೇಟರುಗಳಲ್ಲಿ ಎಲ್ಲರಿಗಿಂತ ಚೊಕ್ಕ ಕೈ ದುಂಡಸಿಯ ನೀಲವ್ವನದು. ನಲವತ್ತೊಂದು ವರ್ಷ. ಹನ್ನೊಂದು ವರ್ಷ ಖಾನಾವಳಿ ನಡೆಸಿ, ಒಲೆಯ ಹೊಗೆಗೆ ದಮ್ಮು ಹತ್ತಿ, "ಒಲಿ ಮುಂದ ಕುಂತ್ರ ಎದಿ ಉಳಿಯೂದಿಲ್ಲ" ಎಂದು ಡಾಕ್ಟರು ಹೇಳಿದ ಮೇಲೆ ಅದನ್ನು ಮುಚ್ಚಿದವಳು. ಹೊಗೆ ಇಲ್ಲದ ಕೋಣೆಯಲ್ಲಿ ಕೂತು ಮಾಡುವ ಕೆಲಸ ಅವಳಿಗೆ ಇದೊಂದೇ ಸಿಕ್ಕಿತ್ತು. ಹನ್ನೆರಡರಲ್ಲಿ ಎಂಟು ಮೇಜು ಬಟ್ಟೆ ಮಡಚುವುದಕ್ಕೆ, ನಾಲ್ಕು ಲೋಟಕ್ಕೆ; ಲೋಟದ ನಾಲ್ಕರಲ್ಲಿ ಅವಳದು ಮೊದಲನೆಯದು. ಉಳಿದ ಮೂವರೂ ಅವಳನ್ನು ನೋಡಿಯೇ ಕಲಿತರು. ಅವಳ ಕೈಯಲ್ಲಿ ಲೋಟ ಉರುಳಿದ್ದನ್ನು ನಾನು ಕಂಡಿರಲಿಲ್ಲ.

ಸೆಪ್ಟೆಂಬರಿನಲ್ಲಿ ಗಿರಾಕಿ ಕಂಪನಿಯ ಪರಿಶೀಲಕರಿಂದ ಮೇಲ್ ಬಂತು. ಲೋಟದ 640 ಎಪಿಸೋಡುಗಳು, ಹೆಚ್ಚಿನವು ನೀಲವ್ವನವು, ತಿರಸ್ಕೃತ. ಕಾರಣ: ರೋಬೋಟಿನ ಬೆರಳು ಲೋಟದ ಅಂಚನ್ನು ಹಿಡಿಯುತ್ತಿದೆ, ಅದು ತುಟಿ ತಾಗುವ ಜಾಗ, ಕೊಳೆಯಾಗುತ್ತದೆ. ನಡುವನ್ನು ಪಕ್ಕದಿಂದ ಹಿಡಿಯಬೇಕು. ಎರಡು ವಾರದಲ್ಲಿ ಮತ್ತೆ ಮಾಡಿ ಕಳಿಸಿ.

ನಾನು ಎಪಿಸೋಡುಗಳನ್ನು ತೆಗೆದು ನೋಡಿದೆ. ನಿಜ, ಎಲ್ಲದರಲ್ಲೂ ಬೆರಳುಗಳು ಮೇಲಿನಿಂದ ಇಳಿದು ಅಂಚನ್ನು ಹೊರಗಿನಿಂದ ಅಪ್ಪುತ್ತಿದ್ದವು. ಸುಡುವ ಸ್ಟೀಲ್ ಲೋಟ ಹಿಡಿದು ಬೆಳೆದ ಕೈ ಹಾಗೆಯೇ ಹಿಡಿಯುತ್ತದೆ, ಸುಡದ ಜಾಗ ಅಂಚೊಂದೇ. ಅದಿರಲಿ, ನೀರನ್ನು ಎತ್ತಿ ಬಾಯಿಗೆ ಸುರಿದುಕೊಳ್ಳುವ ನಮ್ಮಲ್ಲಿ ಅಂಚಿಗೆ ತುಟಿ ತಾಗುವುದೇ ಇಲ್ಲವಲ್ಲ! ಹತ್ತು ವರ್ಷದಿಂದ ನಮ್ಮ ಮನೆಯ ಮಡಿ, ಎಂಜಲುಗಳನ್ನು ಗೇಲಿ ಮಾಡುತ್ತ ಬಂದವಳು ನಾನು. ಆ ಮಧ್ಯಾಹ್ನ ಎಂಜಲಿನ ಪರವಾಗಿ ವಕೀಲಿಕೆಗೆ ನಿಂತೆ.

ನೀಲವ್ವ ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದಳು.

"ಪಕ್ಕದಾಗ ಹಿಡೀಬೇಕಂತೇನ್ರಿ ಅಕ್ಕೋರ? ಹಿಡಿದ್ರಾತು ಬಿಡ್ರಿ. ನಾಳಿಂದ ಹಂಗ ಮಾಡ್ತೇನಿ."

"ಯಾಕ ಮಾಡ್ಬೇಕು ನೀಲಕ್ಕ? ತಪ್ಪು ನಿಮ್ದಲ್ಲ. ನಾವು ಹೆಂಗ ಕುಡೀತೀವಿ ಅಂತ ಅವರಿಗೆ ಗೊತ್ತಿಲ್ಲ, ಅಷ್ಟ."

"ಅವರ ರೋಬೋಟು, ಅವರ ಲೋಟಾ. ಎಲ್ಲಿ ಬೇಕಾದಲ್ಲಿ ಹಿಡಿಸ್ಕೊಳ್ಳಲಿ. ನನಗೇನ್ ಆಗೂದೈತಿ?"

"ಇದು ತತ್ವದ ಪ್ರಶ್ನೆ."

"ತತ್ವ ಯಾರ್ದ್ರಿ? ನಂದೋ, ನಿಮ್ದೋ?"

ಪಕ್ಕದ ಮೇಜಿನವರು ನಕ್ಕರು, ನಾನೂ ನಕ್ಕೆ. ಅದಕ್ಕೆ ಉತ್ತರ ಕೊಡಬೇಕಾಗಿತ್ತು ಎಂದು ಹೊಳೆಯಲಿಲ್ಲ.

ವೀರೇಶ ಸರ್ ಕೂಡ ಒಮ್ಮೆ ಹೇಳಿ ನೋಡಿದರು: "ಮೇಡಂ, ಎರಡ ವಾರದ ಕೆಲಸ. ಸುಮ್ನ ಮಾಡಿ ಕಳಿಸಿ ಕೈ ತೊಳ್ಕೊಳ್ಳೂಣು." ನಾನು ಒಪ್ಪಲಿಲ್ಲ. ಇಂದು ತಪ್ಪಲ್ಲದ್ದನ್ನು ತಪ್ಪೆಂದು ಒಪ್ಪಿಕೊಂಡರೆ ಆ ತಿರಸ್ಕಾರ ನೀಲವ್ವನ ಹೆಸರಿಗೆ ಉಳಿಯುತ್ತದೆ, ಮೂರು ಸಲ ಹೀಗಾದರೆ ಮೇಜು ಹೋಗುತ್ತದೆ ಎಂದೆ. ಅದು ನಿಯಮವೂ ಆಗಿತ್ತು. ಅವರು, "ನಿಮ್ಮ ಕೂಡ ಯಾರ್ ಹತ್ತಬೇಕ್ರಿ" ಎಂದು ಎದ್ದು ಹೋದರು.

ಎರಡು ದಿನ ಕೂತು ನಾಲ್ಕು ಪುಟ ಬರೆದೆ. ಕೇಂದ್ರದ ಹನ್ನೊಂದು ಜನರಿಗೆ ನೀರು ಕೊಟ್ಟು ವಿಡಿಯೊ ಮಾಡಿದೆ. ಒಂಬತ್ತು ಜನ ಎತ್ತಿ ಕುಡಿದರು. ಚಹಾವನ್ನು ನಾವೂ ತುಟಿ ಹಚ್ಚಿಯೇ ಕುಡಿಯುತ್ತೇವೆ ಎಂಬ ಸಂಗತಿಯನ್ನು ಬೇಕೆಂದೇ ಬಿಟ್ಟೆ. ಎದುರಾಳಿ ಕೇಳದ ಪ್ರಶ್ನೆಗೆ ನಾವಾಗಿ ಉತ್ತರಿಸಬಾರದೆಂಬುದು ಸ್ಪರ್ಧೆಗಳಲ್ಲಿ ಕಲಿತ ಜಾಣತನ. ಮೂರನೆಯ ಪುಟದಲ್ಲಿ ವಾದ ಸ್ವಲ್ಪ ಸೊರಗಿತು ಅನ್ನಿಸಿ ಒಂದು ವಾಕ್ಯ ಸೇರಿಸಿದೆ: "ಈ ಹಿಡಿತ ಬಾಲ್ಯದಿಂದ ಕೈಗೆ ಕೂತದ್ದು, ತರಬೇತಿಯಿಂದ ಬದಲಾಗುವಂಥದ್ದಲ್ಲ." ಓದಿ ನೋಡಿದೆ. ಗಟ್ಟಿಯಾಗಿತ್ತು.

ವಿಡಿಯೊ ಕರೆಯಲ್ಲಿ ಪರಿಶೀಲಕರು ಸೌಜನ್ಯದಿಂದ ಕೇಳಿಸಿಕೊಂಡರು. ನಲವತ್ತು ನಿಮಿಷದಲ್ಲಿ ಒಂದೇ ಒಂದು ಕಡೆ ತಡೆದರು, ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಕೊನೆಗೆ, ನೀವು ಹೇಳಿದ್ದು ಸರಿ, ನಮಗಿದು ಗೊತ್ತಿರಲಿಲ್ಲ ಎಂದರು. ಇಡೀ ಕೇಂದ್ರ ಚಪ್ಪಾಳೆ ತಟ್ಟಿತು. ನೀಲವ್ವನೂ ತಟ್ಟಿದಳು.

ಎಂಟು ದಿನದ ಮೇಲೆ ಬಂದ ಮೇಲನ್ನು ವೀರೇಶ ಸರ್ ನನ್ನ ಮುಂದೆ ಹಿಡಿದರು. 640 ಎಪಿಸೋಡುಗಳನ್ನು ಒಪ್ಪಿಕೊಂಡಿದ್ದರು, ನೀಲವ್ವನ ಹೆಸರಿನ ತಿರಸ್ಕಾರವನ್ನು ಅಳಿಸಿದ್ದರು. ಅದರ ಕೆಳಗೆ ಎರಡು ಸಾಲು: ತಮ್ಮ ರೋಬೋಟ್ ತುಟಿ ಹಚ್ಚಿ ಕುಡಿಯುವವರ ಮನೆಗಳಿಗೆ ಹೋಗುವಂಥದ್ದು; ಈ ಕೇಂದ್ರದವರ ಹಿಡಿತ ಬದಲಾಗುವಂಥದ್ದಲ್ಲವಾದ್ದರಿಂದ ಲೋಟದ ಕೆಲಸವನ್ನು ಮುಂದೆ ಬೇರೆ ಕೇಂದ್ರಕ್ಕೆ ಕೊಡಲಾಗುವುದು.

"ವಾದಾ ಗೆದ್ರಿ ಮೇಡಂ" ಎಂದರು ವೀರೇಶ ಸರ್. ಚುಚ್ಚಬೇಕೆಂದು ಅಂದದ್ದಲ್ಲ, ಅವರೂ ದಣಿದಿದ್ದರು. "ನಾಕೂ ಮ್ಯಾಜು ಬಂದ್."

ಅಂದೇ ಮತ್ತೊಂದು ಮೇಲ್ ಬರೆದೆ: ಹಿಡಿತ ಬದಲಿಸಬಹುದು, ಒಂದು ವಾರ ಕೊಡಿ. ಉತ್ತರವಾಗಿ ನನ್ನ ಮೂರನೆಯ ಪುಟದ ವಾಕ್ಯವನ್ನೇ ನನಗೆ ತಿರುಗಿ ಕಳಿಸಿದರು. ಜೊತೆಗೆ, ಎರಡರಲ್ಲಿ ಯಾವುದು ನಿಜ ಎಂಬ ಪ್ರಶ್ನೆ. ಲೋಟದವರನ್ನು ಕೂರಿಸಲು ಬಟ್ಟೆ ಮಡಚುವ ಎಂಟು ಮೇಜುಗಳಲ್ಲಿ ಒಂದೂ ಖಾಲಿ ಇರಲಿಲ್ಲ.

ಶನಿವಾರ ಲೋಟದವರಿಗೆ ಕಡೆಯ ದಿನ. ಕೆಲಸವೇನೂ ಇರಲಿಲ್ಲ, ಯಂತ್ರದ ಸಂಪರ್ಕ ಮಾತ್ರ ಸಂಜೆಯವರೆಗೆ ಇತ್ತು. ನೀಲವ್ವ ತನ್ನ ಮೇಜಿಗೆ ಕೂತು ತೋಳುಗಳನ್ನು ಹಿಡಿದಳು. ಪರದೆಯಲ್ಲಿ ರೋಬೋಟಿನ ಬೆರಳು ಲೋಟದ ನಡುವಿಗೆ ಪಕ್ಕದಿಂದ ಬಂದು ಹಿಡಿಯಿತು, ಎತ್ತಿತು, ಟ್ರೇ ಮೇಲಿಟ್ಟಿತು. ಮತ್ತೊಂದು. ಮತ್ತೊಂದು. ನಾನು ಅಭ್ಯಾಸಬಲದಿಂದ ಎಣಿಸುತ್ತಿದ್ದೆ. ಮೂವತ್ತು ಲೋಟ, ಒಂದೂ ಉರುಳಲಿಲ್ಲ, ಒಂದರ ಅಂಚನ್ನೂ ಮುಟ್ಟಲಿಲ್ಲ.

"ನೋಡ್ರಿ, ಬರ್ತೈತಿ" ಎಂದಳು, ಕೈ ಬಿಡುತ್ತ. "ಬರೂದಿಲ್ಲಂತ ನಿಮಗ್ಯಾರ್ ಹೇಳಿದ್ರಿ?"

ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಅವಳ ಮೇಜಿಗೂ ನನ್ನ ಮೇಜಿಗೂ ನಡುವೆ ಆರು ಹೆಜ್ಜೆ.

ಡಿಸೆಂಬರಿನಲ್ಲಿ ತಡಸದ ಹೆದ್ದಾರಿ ಬದಿಯ ಖಾನಾವಳಿಯೊಂದರಲ್ಲಿ ಅವಳನ್ನು ಕಂಡೆ. ಹೆಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಎರಡು ರೊಟ್ಟಿಗೊಮ್ಮೆ ಎದ್ದು ಬಾಗಿಲಿಗೆ ಬಂದು ಉಸಿರು ಎಳೆದುಕೊಳ್ಳುತ್ತಿದ್ದಳು.

"ಬರ್ರಿ ಅಕ್ಕೋರ, ಕುಂದರ್ರಿ. ಹೊಸಾ ವಾದ ಏನರ ನಡದೈತೇನ್ರಿ?"

"ಇಲ್ಲ ನೀಲಕ್ಕ. ತಪ್ಪಾತು ನಂದು."

"ಆತು ಬಿಡ್ರಿ. ನೀವು ಆ ನಾಕ ಪುಟದಾಗ ಬರದದ್ದೇನೂ ಸುಳ್ಳಲ್ಲ." ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. "ಒಂದ ಸಾಲ್ ಸುಳ್ಳಿತ್ತು."

ಗುಣಮಟ್ಟ ಪರಿಶೀಲಕಿಯಾಗಿ ಸಾವಿರಾರು ಎಪಿಸೋಡುಗಳಲ್ಲಿ ತಪ್ಪು ಹುಡುಕಿದ್ದೇನೆ. ಇಷ್ಟು ಖಚಿತವಾಗಿ ಯಾರ ತಪ್ಪನ್ನೂ ನಾನು ಗುರುತಿಸಿಲ್ಲ. ನಾನು ಇನ್ನೂ ಅದೇ ಕೇಂದ್ರದಲ್ಲಿದ್ದೇನೆ, ಈಗ ಬಟ್ಟೆ ಮಡಚುವುದನ್ನು ನೋಡುತ್ತೇನೆ. ತಿರಸ್ಕಾರಗಳು ಬರುತ್ತವೆ, ಉತ್ತರ ಬರೆಯುವುದು ನನ್ನದೇ ಕೆಲಸ. ಬರೆಯುವ ಮೊದಲು ಆಪರೇಟರ್ ಮೇಜಿನವರೆಗೆ ಆರು ಹೆಜ್ಜೆ ನಡೆದು ಹೋಗಿ, ಏನಾದರೆ ನಿಮಗೆ ಸಾಕು ಎಂದು ಕೇಳುತ್ತೇನೆ. ಹೆಚ್ಚಿನ ಸಲ ಅವರಿಗೆ ಬೇಕಾದದ್ದು ನನ್ನ ವಾದಕ್ಕಿಂತ ಬಹಳ ಚಿಕ್ಕದಿರುತ್ತದೆ. ಅಷ್ಟಕ್ಕೇ ವಾದಿಸಿ ನಿಲ್ಲಿಸುವುದು ಗೆಲ್ಲುವುದಕ್ಕಿಂತ ಕಷ್ಟದ ವಿದ್ಯೆ. ನನಗದು ಇನ್ನೂ ಪೂರ್ತಿ ಬಂದಿಲ್ಲ.