ಮುಂಭಾರಕ್ಕೆ ಕೂತವಳು

ಹಳೇ ಗೇರ್ ಆಯಿಲ್‌ಗೆ ಅದರದೇ ಒಂದು ವಾಸನೆಯಿದೆ. ಕೊಳೆತ ಬೆಳ್ಳುಳ್ಳಿಯನ್ನು ಡೀಸೆಲ್‌ನಲ್ಲಿ ನೆನೆಹಾಕಿದಂಥ ವಾಸನೆ; ಮೂರು ದಿನ ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿ ಬಿಟ್ಟು ಹೋಗುವುದಿಲ್ಲ. ಕಳೆದ ತಿಂಗಳು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರ ಒಂದು ಲೈನ್ ಮನೆಯ ಹಿತ್ತಿಲಲ್ಲಿ ಗೋಣಿಚೀಲ ಸರಿಸಿ ನಮ್ಮಪ್ಪನ ಟ್ರಾಕ್ಟರಿನ ಗೇರ್ ಬಾಕ್ಸ್ ನೋಡಿದಾಗ ಮೊದಲು ಮೂಗಿಗೆ ಬಡಿದದ್ದು ಅದೇ. ಅದರ ಹಿಂದೆಯೇ ಬೂದಿಕೋಟೆ ಹತ್ತಿರದ ನಮ್ಮೂರಿನ ಹಳೇ ಮನೆಯ ಅಂಗಳ, ಕೆಂಪು ಟ್ರಾಕ್ಟರು, ಮಸಿ ಹಿಡಿದ ಅಪ್ಪನ ಬನಿಯನ್ನು, ಒಳಗಿನಿಂದ ಅವರೆಕಾಳು ಸಾರಿನ ಘಮ, ಮುದ್ದೆ ತೊಳಸುತ್ತ ಯಾರನ್ನೋ ಬೈಯುತ್ತಿರುವ ಅಮ್ಮ, ಎಲ್ಲ ಒಟ್ಟಿಗೆ ಬಂದು ನಿಂತವು. ನ್ಯಾಯವಾಗಿ ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

ಸಿಟ್ಟು ನನ್ನ ಮೇಲೆಯೇ. ಅಪ್ಪ ಅದನ್ನು ಗಣಿಯಲ್ಲಿ ಫಿಟ್ಟರ್ ಆಗಿದ್ದ ಮಾಣಿಕ್ಯಂ ಹತ್ತಿರ ರಿಪೇರಿಗೆ ಬಿಟ್ಟು, ವಾಪಸು ತರುವ ಮೊದಲೇ ತೀರಿಕೊಂಡ. ನಾಳೆ ತರೋಣ, ನಾಡಿದ್ದು ತರೋಣ ಎನ್ನುತ್ತ ನಾನೂ ತಮ್ಮ ಮುನಿರಾಜನೂ ಇಪ್ಪತ್ತು ವರ್ಷ ಕಳೆದೆವು. ಈಗ ಮಾಣಿಕ್ಯಂ ಕೂಡ ಇಲ್ಲ. ಅವರ ಮಗಳು ಸೆಲ್ವಿ ಫೋನು ಮಾಡಿ, "ಅಣ್ಣಾ, ನಾವು ಮನೆ ಖಾಲಿ ಮಾಡ್ತಾ ಇದ್ದೀವಿ. ಅದು ಅವ್ರ ಸಾಮಾನು, ಯಾರಿಗೂ ಕೊಡ್ಬೇಡ ಅಂತ ಅಪ್ಪ ಸಾಯೋಗಂಟ ಯೋಳ್ತಿದ್ರು. ಬಂದು ಎತ್ಕೊಂಡೋಗ್ಬುಡಿ" ಅಂದಳು. ಇತ್ತ ಮುನಿರಾಜನದು ಬೇರೆಯೇ ರಾಗ. ಹೊಸ ಸೀಮೆಹಸು ಬರುತ್ತಿದೆ, ಕೊಟ್ಟಿಗೆಯಲ್ಲಿ ಜಾಗ ಬೇಕು, ಈ ಭಾನುವಾರದೊಳಗೆ ಗೇರ್ ಬಾಕ್ಸ್ ಮನೆ ಸೇರದಿದ್ದರೆ ಅಪ್ಪನ ಟ್ರಾಕ್ಟರನ್ನು ಗುಜರಿಯವನಿಗೆ ಎತ್ತಿಸಿಬಿಡುತ್ತೇನೆ ಅಂತ ಹಟ. ಹಾಗಾಗಿ ಆ ಭಾನುವಾರವೇ ಅವನ ಮಿನಿ ಟ್ರಾಕ್ಟರಿಗೆ, ಹಸುಗಳಿಗೆ ಹುಲ್ಲು ತರುವ ಎರಡು ಚಕ್ರದ ಪುಟ್ಟ ಟ್ರೈಲರ್ ಸಿಕ್ಕಿಸಿಕೊಂಡು ಹೋಗಿದ್ದೆವು.

ಸೆಲ್ವಿಯ ಬೀದಿಯ ನಾಲ್ಕು ಜನ ಸರಪಳಿ ಬಿಗಿದು, ಹಲಗೆ ಕೊಟ್ಟು, ತಮಿಳಿನಲ್ಲಿ ಕೂಗು ಹಾಕುತ್ತ ಆ ಕಬ್ಬಿಣದ ಕೋಣವನ್ನು ಏರಿಸಿದರು. ಇನ್ನೂ ಮುಂದಕ್ಕೆ ತಳ್ಳಿಸೋಣ ಅಂದ ಮುನಿರಾಜ. ಬೇಡ, ಊರಲ್ಲಿ ಇಳಿಸುವಾಗ ಕಷ್ಟ, ಹಿಂದೆಯೇ ಇರಲಿ ಅಂದವನು ನಾನು, ದೊಡ್ಡ ಬುದ್ಧಿವಂತ. ಬಂಗಾರಪೇಟೆ ದಾಟಿ ಬೂದಿಕೋಟೆ ರಸ್ತೆಯ ಮೊದಲನೇ ಏರಿಗೆ ಟ್ರೈಲರಿನ ಹಿಂಭಾಗ ಕುಸಿಯಿತು, ಮೂತಿ ಮೇಲೆದ್ದು ಟ್ರಾಕ್ಟರಿನ ಹಿಂದಿನ ಚಕ್ರಗಳನ್ನೇ ಎತ್ತಿ ಹಿಡಿಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಚಕ್ರ ನಿಂತಲ್ಲೇ ತಿರುಗಿ ರಬ್ಬರ್ ಸುಟ್ಟ ಹೊಗೆ ಎದ್ದಿತು. ಇಬ್ಬರೂ ಸೇರಿ ಗೇರ್ ಬಾಕ್ಸನ್ನು ಮುಂದಕ್ಕೆ ನೂಕಿದೆವು. ಅದು ಮಿಸುಕಲೂ ಇಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ ಪ್ರಾಣ ತಿಂದ. ತಮ್ಮನ ಮೇಲೆ ರೇಗಿದೆ. ಅವನು ತಿರುಗಿ ರೇಗಲಿಲ್ಲ. "ಮುಂಭಾರ ಬೇಕಣ್ಣಾ. ಅಕ್ಕ ಇದ್ದಿದ್ರೆ..." ಅಂದ.

ಅಪ್ಪನಿಗೂ ಟ್ರೈಲರಿನ ಹಿಂದೆಯೇ ಹೇರುವ ಚಾಳಿ. ಅದಕ್ಕೆ ಅವನ ಉಪಾಯವೆಂದರೆ ನಾವು, ಮನೆಯ ನಾಲ್ಕು ಮಕ್ಕಳು. ಕಲ್ಲು ಹಾಕಬಾರದೇ ಅಂತ ಅಮ್ಮ ಕೇಳಿದರೆ, "ಕಲ್ಲು ಜಾರ್ತದೆ ಕಣೇ, ಮಕ್ಳು ಇಡ್ಕೊಂಡು ಕೂರ್ತವೆ" ಅನ್ನುತ್ತಿದ್ದ. ಎಲ್ಲರಿಗಿಂತ ಮುಂದೆ, ಮೂತಿಯ ಮೇಲೆಯೇ, ರತ್ನಕ್ಕ. ಹಿರಿಯಳು, ಮೈಕೈ ತುಂಬಿಕೊಂಡಿದ್ದವಳು. ನಾವು ಅವಳನ್ನು ಮೂಟೆ ಅಂತ ಆಡಿಕೊಳ್ಳುತ್ತಿದ್ದೆವು. ಕಡ್ಡಿಯಂತಿದ್ದ ನಾನು ಅವಳ ಪಕ್ಕ ಜಾಗಕ್ಕಾಗಿ ಜಗಳ ತೆಗೆದರೆ ಅಪ್ಪ ನಗುತ್ತಿದ್ದ. "ಲೇ, ನೀನು ಕೂತ್ರೂ ಒಂದೇ, ಕೂರ್ದಿದ್ರೂ ಒಂದೇ ಕಣ್ಲಾ!" ಮನೆ ಮುಟ್ಟಿದ ಮೇಲೆ ಟ್ರೈಲರ್ ಸಿಕ್ಕಿಸಿದ ಪಿನ್ನು ಎಳೆದು ಟ್ರಾಕ್ಟರನ್ನಷ್ಟೇ ಕೊಟ್ಟಿಗೆಗೆ ಓಡಿಸಿಕೊಂಡು ಹೋಗುತ್ತಿದ್ದ. ಹಿಂದಿನ ಭಾರ ಇಳಿಯುವವರೆಗೆ ಮುಂದೆ ಒಬ್ಬರಾದರೂ ಕೂತಿರಲೇಬೇಕಿತ್ತು. ಇಲ್ಲದಿದ್ದರೆ ಎಲ್ಲ ಹಿಂದಕ್ಕೆ ಮಗುಚಿಕೊಳ್ಳುತ್ತಿತ್ತು. ನಾವು ಮೂವರೂ ಧುಮುಕಿ ಒಳಗೆ ಓಡುತ್ತಿದ್ದೆವು. ಅಕ್ಕ ಒಬ್ಬಳೇ ಕತ್ತಲಾಗುತ್ತಿರುವ ಅಂಗಳದಲ್ಲಿ ಕೂತಿರುತ್ತಿದ್ದಳು. ಅಮ್ಮ ಊಟಕ್ಕೆ ಕೂಗಿದರೆ, "ನೀವು ತಿನ್ರಿ, ನಾನು ಆಮ್ಯಾಕೆ ಬತ್ತೀನಿ" ಅನ್ನುತ್ತಿದ್ದಳು. ಅವಳು ಬರುವ ಹೊತ್ತಿಗೆ ಸಾರಿನಲ್ಲಿ ಕಾಳು ಉಳಿದಿರುತ್ತಿರಲಿಲ್ಲ. ಒಂದು ದಿನವೂ ಅವಳಿಗಾಗಿ ಕಾಯಲಿಲ್ಲ ನಾನು. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬಹುದು. ರತ್ನಕ್ಕ ಹೋಗಿ ಆರು ವರ್ಷವಾಯಿತು.

ಬಂಗಾರಪೇಟೆಯ ಬಟ್ಟೆ ಅಂಗಡಿಯಲ್ಲಿ ಕೂತು ಕೂತು ಬೆಳೆಸಿದ ಹೊಟ್ಟೆ ಅವತ್ತು ಕೆಲಸಕ್ಕೆ ಬಂತು. ಪಂಚೆ ಎತ್ತಿಕಟ್ಟಿ ಟ್ರೈಲರಿನ ಮೂತಿಯ ಮೇಲೆ ಹತ್ತಿ ಕೂತೆ. ಅದು ನಿಧಾನಕ್ಕೆ ತಗ್ಗಿತು, ಚಕ್ರ ನೆಲ ಕಚ್ಚಿತು. ಗೆದ್ದೆ ಅನ್ನಿಸಬೇಕಿತ್ತು. ನಾಲ್ಕು ಮಕ್ಕಳು ಕಿತ್ತಾಡಿಕೊಂಡು ಕೂರುತ್ತಿದ್ದ ಜಾಗಕ್ಕೆ ನಾನೊಬ್ಬನೇ ಸಾಕಾದೆನಲ್ಲ ಅಂತ ಸಂಕಟವಾಯಿತು.

ಊರು ಸೇರಿದಾಗ ಸಂಜೆ. ಹಳೇ ಮನೆ ಕೆಡವಿದ ಜಾಗದಲ್ಲಿ ಈಗ ಮುನಿರಾಜನ ತಾರಸಿ ಮನೆಯಿದೆ. ಅಂಗಳ ಮಾತ್ರ ಅದೇ. ಅವನು ಪಿನ್ನು ಎಳೆದ. "ಬಂತಲ್ಲ, ಬಿಡು. ಹಸೂನ ಬೇವಿನ ಮರದಡಿ ಕಟ್ಕಂತೀನಿ. ಅಪ್ಪನ ಗಾಡಿ ಅಲ್ಲೇ ಇರ್ಲಿ. ನೀನು ಇಳೀಬೇಡಣ್ಣಾ, ಡೈರಿಗೆ ಹಾಲಾಕಿ ನಾಲ್ಕು ಜನಾನ ಕರ್ಕೊಂಡ್ ಬತ್ತೀನಿ" ಅಂದು ಹೊರಟ. ಕೂತೆ. ಕಾಲು ಜೋಮು ಹಿಡಿಯಿತು, ಸೊಳ್ಳೆ ಮುತ್ತಿದವು, ಬೆಳಗಿನಿಂದ ಒಂದು ಟೀ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಒಳಗಿನಿಂದ ಸಾರಿನ ಘಮ ಬರುತ್ತಿತ್ತು. ಮುನಿರಾಜನ ಹೆಂಡತಿ ಬಾಗಿಲಿಗೆ ಬಂದು, "ಬಾವಾ, ಮುದ್ದೆ ಆರೋಯ್ತದೆ, ಬನ್ನಿ" ಅಂದಳು.

"ನೀವು ತಿನ್ರಮ್ಮಾ, ನಾನು ಆಮ್ಯಾಕೆ ಬತ್ತೀನಿ" ಅಂದೆ.

ಆ ಮಾತು ಎಷ್ಟು ಹಸಿದ ಹೊಟ್ಟೆಯಿಂದ ಬರುತ್ತಿತ್ತು ಅಂತ ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.